ಹಾರ ಹಾಕಿಸಿಕೊಂಡ ಫಾರ್ಮಸಿಸ್ಟ್

ಬದುಕಿರುವ ಮನುಷ್ಯನ ಫೋಟೋಗೆ ಹಾರ ಹಾಕಿದ ಪಾಪ ನನ್ನ ತಲೆಯ ಮೇಲಿದೆ. ಬೇಕೆಂದು ಹಾಕಿದ್ದಲ್ಲ. ಸ್ಟೂಲು ಹತ್ತಿದರೆ ಗೋಡೆಯ ಮೊಳೆಗೆ ಕೈ ಎಟಕುವವನು ಮನೆಯಲ್ಲಿ ನಾನೊಬ್ಬನೇ ಇದ್ದೆ, ಹಾಕು ಅಂದರು, ಹಾಕಿದೆ. ಆದರೆ ಅದನ್ನು ಹೇಳುವ ಮೊದಲು ಆ ಮನುಷ್ಯನನ್ನು ಹುಡುಕುವುದಕ್ಕೆ ನಾನು ಎಷ್ಟು ಚಪ್ಪಲಿ ಸವೆಸಿದೆ ಎಂಬುದನ್ನು ಹೇಳಲೇಬೇಕು. ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ.

ಎಪ್ಪತ್ತರ ದಶಕ ಶುರುವಾಗಿದ್ದ ಹೊತ್ತು. ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತ. ವಾಸ ವಡಾಲದಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಮ್ಮ ನನ್ನ ತಾಯಿಯ ತಂಗಿ. ಅವಳ ಯಜಮಾನರು ಉಡುಪಿ ಕಡೆಯಿಂದ ಬಂದು ವಡಾಲ ಸ್ಟೇಷನ್ನಿನ ಹತ್ತಿರ ನಾಲ್ಕು ಮೇಜಿನ ಹೋಟೆಲ್ ಇಟ್ಟಿದ್ದವರು. ಆ ವರ್ಷ ಹೋಳಿಗೆ ಮುಂಚೆ ಜ್ವರ ಬಂತು, ಎಂಟೇ ದಿನ, ಚಿಕ್ಕಪ್ಪ ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ಉಳಿದದ್ದು ಹಿಂದುಗಡೆ ಚಾಳಿನಲ್ಲಿ ಒಂದೂವರೆ ಕೋಣೆ, ರಸ್ತೆಗೆ ಮುಖಮಾಡಿ ಹೋಟೆಲಿದ್ದ ಅಂಗಡಿ, ಮತ್ತು ನಲವತ್ತು ತುಂಬದ ಚಿಕ್ಕಮ್ಮ.

ಚಿಕ್ಕಪ್ಪನಿಗೆ ಒಬ್ಬ ಅಣ್ಣ. ಬೈಕುಲ್ಲಾದ ಮಾರ್ಕೆಟ್ಟಿನ ಪಕ್ಕ ದೊಡ್ಡ ಹೋಟೆಲ್ ಇಟ್ಟವರು, ಚಿಕ್ಕಮ್ಮನಿಗೆ ಭಾವ. ಅವಳ ಬಾಯಲ್ಲಿ ಕೇಳಿ ಕೇಳಿ ನಾನೂ ಅವರನ್ನು ಬೈಕುಲ್ಲಾ ಭಾವ ಎಂದೇ ಕರೆಯುತ್ತಿದ್ದೆ. ಅಂಗಡಿಯ ಬಾಡಿಗೆ ಚೀಟಿ ಅವರ ಹೆಸರಿನಲ್ಲಿತ್ತು. ಉತ್ತರಕ್ರಿಯೆ ಮುಗಿದ ವಾರವೇ ಬಂದು, ಕುರ್ಚಿಯಲ್ಲಿ ಕುಳಿತು, ತೀರ್ಪು ಕೊಟ್ಟರು.

"ಹೆಂಗಸು ಒಬ್ಬಳು ಬೊಂಬಾಯಿಯಲ್ಲಿ ಎಂತ ಮಾಡುವುದು? ಊರಿಗೆ ಹೋಗಲಿ. ಅಲ್ಲಿ ನಮ್ಮ ಮನೆ ಉಂಟು. ಅಡುಗೆಗೂ ಒಂದು ಜನ ಆದ ಹಾಗಾಯ್ತು."

ಆ ಕೊನೆಯ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಭಾವ ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಅವರ ತಲೆಯಲ್ಲಿ ಲೋಕ ಎರಡೇ ಭಾಗ: ಹೋಟೆಲ್, ಊರು. ಗಂಡಸರು ಹೋಟೆಲಿನಲ್ಲಿ, ಹೆಂಗಸರು ಊರಿನಲ್ಲಿ. ಅವರ ಹೆಂಡತಿ ಇದ್ದದ್ದೂ ಊರಿನಲ್ಲೇ. ಚಿಕ್ಕಪ್ಪ ಹೆಂಡತಿಯನ್ನು ಬೊಂಬಾಯಿಗೆ ಕರೆತಂದದ್ದೇ ಅವರ ಪ್ರಕಾರ ಒಂದು ತಪ್ಪು ಲೆಕ್ಕ.

ಚಿಕ್ಕಮ್ಮ ತಲೆ ತಗ್ಗಿಸಿಯೇ ಹೇಳಿದಳು, "ನಾನು ಮೆಡಿಕಲ್ ಅಂಗಡಿ ಇಡುತ್ತೇನೆ."

ಭಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವಳು ಅದನ್ನು ಯಾವಾಗ ಯೋಚಿಸಿದ್ದಳೋ ದೇವರೇ ಬಲ್ಲ. ಹೋಟೆಲಿನ ಅಡುಗೆ ಭಟ್ಟರು ಚಿಕ್ಕಪ್ಪ ಹೋದೊಡನೆಯೇ ಬೇರೆ ಕಡೆ ಸೇರಿದ್ದರು, ಒಲೆ ತಣ್ಣಗಾಗಿತ್ತು. ನಮ್ಮ ಬದಿಯಲ್ಲಿ ಒಂದೂ ಔಷಧಿ ಅಂಗಡಿ ಇರಲಿಲ್ಲ. ಒಂದು ತಲೆನೋವಿನ ಗುಳಿಗೆ ಬೇಕಾದರೂ ರೈಲು ಹಳಿ ದಾಟಿ ಆಚೆ ಹೋಗಬೇಕು. ಅಂಗಡಿ ನಡೆಯುವುದರಲ್ಲಿ ಅನುಮಾನವಿರಲಿಲ್ಲ. ಭಾವ ತುಂಬ ಹೊತ್ತು ಮೀಸೆ ಸವರಿ ಹೇಳಿದರು, "ಆಯ್ತು. ದೀಪಾವಳಿಯೊಳಗೆ ಲೈಸೆನ್ಸ್ ತಂದು ತೋರಿಸು, ಅಂಗಡಿ ನಿನ್ನದು. ಇಲ್ಲದಿದ್ದರೆ ಬೀಗದಕೈ ನನಗೆ, ನೀನು ಊರಿಗೆ." ಲೈಸೆನ್ಸ್ ಅಂದರೆ ಹೋಟೆಲಿನದರ ಹಾಗೆ ಅರ್ಜಿ ಕೊಟ್ಟು, ನಾಲ್ಕು ಸಲ ಅಲೆದು, ನಮಸ್ಕಾರ ಹಾಕಿದರೆ ಬರುವಂಥದ್ದು ಎಂದು ನಾವು ಮೂವರೂ ತಿಳಿದಿದ್ದೆವು.

ಅರ್ಜಿ ತರಲು ಹೋದ ನನಗೆ ಸರಕಾರಿ ಆಫೀಸಿನ ಗುಮಾಸ್ತ ಒಂದೇ ಪ್ರಶ್ನೆ ಕೇಳಿದ. "ಫಾರ್ಮಸಿಸ್ಟ್ ಯಾರು?" ಔಷಧಿ ಕೊಡುವ ವಿದ್ಯೆ ಕಲಿತು, ಸರಕಾರದ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡವನು ಅಂಗಡಿಯಲ್ಲಿ ಇರಲೇಬೇಕಂತೆ. ಅವನ ಸರ್ಟಿಫಿಕೇಟು ಗೋಡೆಯ ಮೇಲೆ ನಾಲ್ಕು ಜನರಿಗೆ ಕಾಣುವ ಹಾಗೆ ತೂಗಬೇಕಂತೆ. ಆಮೇಲೆ ಇನ್ಸ್‌ಪೆಕ್ಟರ್ ಬಂದು ಎಲ್ಲ ನೋಡಿ ಸೈ ಅಂದರೆ ಮಾತ್ರ ಲೈಸೆನ್ಸ್. "ಯಾರೂ ಇಲ್ಲ" ಅಂದೆ. "ಹಾಗಾದರೆ ಕಿರಾಣಿ ಅಂಗಡಿ ಇಡಿ" ಅಂದ ಪುಣ್ಯಾತ್ಮ.

"ನಮ್ಮವರಲ್ಲೇ ಯಾರಾದರೂ ಇರುತ್ತಾರೆ, ಹುಡುಕು ಮಗಾ" ಅಂದಳು ಚಿಕ್ಕಮ್ಮ. ಅಲ್ಲಿಂದ ಶುರುವಾಯಿತು ನನ್ನ ವನವಾಸ.

ಬೊಂಬಾಯಿಯಲ್ಲಿ ನಮ್ಮವರು ಇಲ್ಲದ ಉದ್ಯೋಗವಿಲ್ಲ ಎಂದು ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಪ್ರತಿ ವರ್ಷ ಭಾಷಣವಾಗುತ್ತಿತ್ತು. ನಾನು ಎಲ್ಲ ಭಾಷಣಗಳಿಗೂ ಚಪ್ಪಾಳೆ ತಟ್ಟಿದವನು. ಈಗ ಭಾನುವಾರ ಭಾನುವಾರ ಸಂಘದ ಕಟ್ಟೆಯ ಮೇಲೆ ಕೂತು ವಿಚಾರಿಸಿದರೆ ಗೊತ್ತಾಯಿತು. ಹೋಟೆಲಿನವರು ಬೇಕಾದಷ್ಟು. ಬ್ಯಾಂಕಿನವರಿದ್ದಾರೆ, ಟೈಪಿಸ್ಟರಿದ್ದಾರೆ, ವಕೀಲರಿದ್ದಾರೆ, ಹಡಗಿನಲ್ಲಿ ಅಡುಗೆ ಮಾಡುವವರಿದ್ದಾರೆ, ಯಕ್ಷಗಾನದಲ್ಲಿ ಸ್ತ್ರೀವೇಷ ಹಾಕುವ ಪೋಸ್ಟ್‌ಮ್ಯಾನ್ ಒಬ್ಬರಿದ್ದಾರೆ. ಫಾರ್ಮಸಿಸ್ಟ್ ಮಾತ್ರ ಇಲ್ಲ. ಸಂಘದ ಕಾರ್ಯದರ್ಶಿಗಳು "ಡಾಕ್ಟರ್ ಬೇಕಾದರೆ ಮೂವರನ್ನು ಕೊಡುತ್ತೇನೆ" ಅಂದರು, ತಮ್ಮ ಕಪಾಟಿನಲ್ಲಿ ಇಟ್ಟುಕೊಂಡವರ ಹಾಗೆ.

ಮಾತುಂಗದಲ್ಲಿ ಒಬ್ಬರು ಕಾಂಪೌಂಡರ್ ಇದ್ದಾರೆಂದು ಯಾರೋ ಹೇಳಿದರು. ಹೋದೆ. ಡಾಕ್ಟರ ದವಾಖಾನೆಯ ಪರದೆಯ ಹಿಂದೆ ನಿಂತು ಬಾಟಲಿಗಳಿಗೆ ಬಣ್ಣಬಣ್ಣದ ಮಿಕ್ಸ್‌ಚರ್ ಸುರಿಯುತ್ತಿದ್ದ ಹಿರಿಯರು, ಕುಂದಾಪುರದ ಕಡೆಯವರು. ನನ್ನ ಮುಖ ನೋಡಿಯೇ "ಹೊಟ್ಟೆ ಸರಿ ಇಲ್ಲ ಅಲ್ವಾ?" ಅಂದರು. ಸರಿ ಇರಲಿಲ್ಲ, ನಿಜ. ಎಲ್ಲ ಗೊತ್ತಿದ್ದ ಮನುಷ್ಯ. ಮೆಲ್ಲಗೆ ಸರ್ಟಿಫಿಕೇಟಿನ ಮಾತು ತೆಗೆದೆ.

"ಎಂತ ಸರ್ಟಿಫಿಕೇಟು? ಮೂವತ್ತು ವರ್ಷದಿಂದ ಈ ಕೈಯಲ್ಲಿ ಔಷಧಿ ಕುಡಿದವರು ಯಾರಾದರೂ ಬಂದು ದೂರು ಹೇಳಿದ್ದಾರಾ?" ಅಂತ ರೇಗಿದರು. ದೂರು ಹೇಳಬೇಕಾದವರು ಬರುವ ಸ್ಥಿತಿಯಲ್ಲಿ ಇದ್ದರೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೊಟ್ಟೆಗೊಂದು ಗುಲಾಬಿ ಬಣ್ಣದ ಮಿಕ್ಸ್‌ಚರ್ ಕೊಟ್ಟು ಕಳಿಸಿದರು. ವಾಸಿಯಾಯಿತು, ಆದರೆ ಅದರಿಂದ ಲೈಸೆನ್ಸ್ ಬರುವುದಿಲ್ಲವಲ್ಲ.

ಮಳೆಗಾಲ ಅರ್ಧ ಕಳೆದಾಗ ಕೊನೆಗೂ ಒಬ್ಬ ಸಿಕ್ಕಿದ. ನಮ್ಮವನೇ, ನನ್ನದೇ ಪ್ರಾಯ, ಟೈ ಕಟ್ಟಿಕೊಂಡು ಔಷಧಿ ಕಂಪನಿಯ ಚೀಲ ಹಿಡಿದು ಡಾಕ್ಟರರ ಮನೆಮನೆ ಸುತ್ತುವ ಕೆಲಸ. ಸರ್ಟಿಫಿಕೇಟು ಇತ್ತು, ನೋಡಿದೆ. ಭಾವನೂ ಆ ದಿನ ನಮ್ಮ ಮನೆಯಲ್ಲೇ ಇದ್ದರು.

"ನಾನು ಅಂಗಡಿಗೆ ಬರಬೇಕಾಗಿಲ್ಲ" ಅಂದ ಆ ಯುವಕ. "ಗೋಡೆಯ ಮೇಲೆ ನನ್ನ ಕಾಗದ ಇದ್ದರೆ ಸಾಕು. ತಿಂಗಳಿಗಿಷ್ಟು ಅಂತ ಕೊಟ್ಟುಬಿಡಿ. ಕುರ್ಲಾ, ಚೆಂಬೂರು, ಮುಲುಂಡಿನಲ್ಲೂ ಹಾಗೇ ಮಾಡಿದ್ದೇನೆ."

"ಇನ್ಸ್‌ಪೆಕ್ಟರ್ ಬಂದು ಕೇಳಿದರೆ?"

"ಈಗಷ್ಟೇ ಚಾ ಕುಡಿಯಲು ಹೋದರು ಅನ್ನಿ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಈ ಪುಣ್ಯವಂತ ಏಕಕಾಲಕ್ಕೆ ಕುರ್ಲಾದಲ್ಲಿ, ಚೆಂಬೂರಿನಲ್ಲಿ, ಮುಲುಂಡಿನಲ್ಲಿ ಚಾ ಕುಡಿಯುತ್ತಾ, ನಮ್ಮ ಮನೆಯಲ್ಲಿ ಚಿಕ್ಕಮ್ಮ ಕೊಟ್ಟ ಕಾಫಿಯನ್ನೂ ಕುಡಿಯುತ್ತಿದ್ದಾನೆ. ಭಾವ ಮಾತ್ರ ತೊಡೆ ತಟ್ಟಿ "ಇಷ್ಟು ಸುಲಭ ಉಂಟಾ! ಮತ್ತೆ ಇಷ್ಟು ದಿನ ಯಾಕೆ ಅಲೆದೆ ಮಾರಾಯ?" ಅಂತ ನನಗೇ ಬೈದರು.

ಚಿಕ್ಕಮ್ಮ ಕಾಫಿ ಲೋಟ ಎತ್ತಿಕೊಳ್ಳುತ್ತಾ "ಬೇಡ" ಅಂದಳು.

"ಯಾಕೆ ಬೇಡ?"

"ಅವರಿಗೆ ಜ್ವರ ಏರಿದ ದಿನ ನಾನೇ ಹಳಿ ದಾಟಿ ಔಷಧಿ ತರಲು ಹೋದೆ. ಡಾಕ್ಟರು ಬರೆದದ್ದು ಒಂದು, ಅಂಗಡಿಯವನು ಕೊಟ್ಟದ್ದು ಇನ್ನೊಂದು. ಎರಡೂ ಒಂದೇ ಅಂದ. ಹೌದಾ ಅಂತ ಕೇಳಲಿಕ್ಕೆ ಅಲ್ಲಿ ಯಾರೂ ಇರಲಿಲ್ಲ. ಗೋಡೆಯ ಮೇಲೆ ಒಂದು ಕಾಗದ ಇತ್ತು." ಅವಳು ಲೋಟವನ್ನು ಕೆಳಗಿಟ್ಟಳು. "ಅದರಿಂದಲೇ ಹೋದರು ಅಂತ ನಾನು ಹೇಳುವುದಿಲ್ಲ. ನನಗೆ ಗೊತ್ತಿಲ್ಲ. ಆದರೆ ನನ್ನ ಅಂಗಡಿಯಲ್ಲಿ ಕೇಳಿದರೆ ಉತ್ತರ ಹೇಳುವ ಮನುಷ್ಯ ಕೂತಿರಬೇಕು. ಇಲ್ಲದಿದ್ದರೆ ಅಂಗಡಿಯೇ ಬೇಡ, ಊರಿಗೇ ಹೋಗುತ್ತೇನೆ."

ಚಿಕ್ಕಪ್ಪ ಹೋದ ಮೇಲೆ ಅಷ್ಟುದ್ದ ಮಾತನ್ನು ಅವಳು ಆಡಿದ್ದು ಅದೇ ಮೊದಲು. ಟೈ ಕಟ್ಟಿದವನು ಎದ್ದು ಹೋದ, ಬಹುಶಃ ಮುಲುಂಡಿಗೆ.

ಮತ್ತೆ ಹುಡುಕಾಟ. ಒಂದು ಮಧ್ಯಾಹ್ನ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಊಟ ಮಾಡುತ್ತಾ ಕ್ಯಾಷಿಯರ ಹತ್ತಿರ ನನ್ನ ಗೋಳು ತೋಡಿಕೊಳ್ಳುತ್ತಿದ್ದೆ. ತಲೆಯ ಮೇಲೆ ಏಣಿ ಹತ್ತಿ ಫ್ಯಾನ್ ರಿಪೇರಿ ಮಾಡುತ್ತಿದ್ದ ಒಬ್ಬರು ಅಲ್ಲಿಂದಲೇ ಮಾತಾಡಿಸಿದರು. "ಏನ್ರಿ, ದವಾ ಕೊಡೋ ಪಾಸಾದ ಮನಷ್ಯಾ ಬೇಕೇನ್ರಿ? ನಮ್ಮ ಚಾಳಿನಾಗ ಒಬ್ಬರ ಅದಾರ ನೋಡ್ರಿ. ಬಿಜಾಪುರದವರು. ದವಾಖಾನಿಯೊಳಗ ನೌಕರಿ ಮಾಡಿ ರಿಟೈರ್ ಆಗ್ಯಾರ." ಸಾರಿನ ಮೇಲೆ ಫ್ಯಾನಿನ ಧೂಳು ಉದುರುತ್ತಿತ್ತು. ಅದನ್ನು ಲೆಕ್ಕಿಸದೆ ವಿಳಾಸ ಕೇಳಿದೆ. ಬೈಕುಲ್ಲಾ. ಭಾವನ ಹೋಟೆಲಿನ ಹಿಂದಿನ ಗಲ್ಲಿ!

ಸಂಜೆ ಭಾವನನ್ನು ಕರೆದುಕೊಂಡೇ ಹೋಗೋಣವೆಂದು ಹೋಟೆಲಿಗೆ ಹೋಗಿ ವಿಷಯ ಹೇಳುತ್ತಿದ್ದೆ. ಅಷ್ಟರಲ್ಲಿ ಕೆಲಸ ಮುಗಿಸಿದ ಫ್ಯಾನಿನವರು ಒಳಗೆ ಬಂದು, ಮೂಲೆಯ ಮೇಜಿನ ಕಡೆ ಕೈ ತೋರಿಸಿ, "ಅಲ್ಲೇ ಕುಂತಾರಲ್ರಿ" ಅಂದರು. ಬಿಳಿ ಗಡ್ಡ, ದಪ್ಪ ಕನ್ನಡಕ, ಮುಂದೆ ಒಂದು ಕಪ್ ಚಾ.

ಭಾವನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. "ಇವರಾ? ಹತ್ತು ವರ್ಷದಿಂದ ದಿನಾ ಬರುತ್ತಾರಲ್ಲ! ಸಕ್ಕರೆ ಇಲ್ಲದ ಚಾ. ನಾನು ಉರ್ದು ಶಾಲೆಯ ಮಾಸ್ತರು ಅಂತ ತಿಳಿದಿದ್ದೆ."

ಹೀಗೆ ನಾನು ನಾಲ್ಕು ತಿಂಗಳು ಇಡೀ ಬೊಂಬಾಯಿ ಅಲೆದು ಹುಡುಕಿದ ಮನುಷ್ಯ ಭಾವನ ಕಣ್ಣೆದುರಿನ ಮೇಜಿನಲ್ಲೇ ಇದ್ದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಒಂದು ಮಸಾಲೆ ದೋಸೆ ತಿಂದೆ.

ವಿಷಯ ಕೇಳಿದ ಅವರು, ಮೊದಲು ಅಂಗಡಿ ನೋಡುತ್ತೇನೆ ಅಂದರು. ಅಂದಿನಿಂದ ನಾನು ಅವರನ್ನು ಚಾಚಾ ಎಂದು ಕರೆಯತೊಡಗಿದೆ. ಭಾವ ವಡಾಲಕ್ಕೆ ಬರುವ ದಾರಿಯಲ್ಲಿ "ಆದರೂ ನಮ್ಮವರಲ್ಲವಲ್ಲ" ಎಂದು ಗೊಣಗಿದರು. ಮನೆಗೆ ಬಂದು ಅದನ್ನೇ ಚಿಕ್ಕಮ್ಮನ ಮುಂದೆ ಹೇಳಿದಾಗ ಅವಳು, "ಕನ್ನಡ ಮಾತಾಡುತ್ತಾರೆ. ಹತ್ತು ವರ್ಷ ನಿಮ್ಮ ಹೋಟೆಲಿಗೆ ಬಂದಿದ್ದಾರೆ. ಇನ್ನೆಷ್ಟು ನಮ್ಮವರಾಗಬೇಕು ಭಾವ?" ಅಂದಳು.

ಚಾಚಾ ಅಂಗಡಿ ನೋಡಲು ಬಂದರು. ಅಳತೆ ಹಿಡಿದವರಂತೆ ನಾಲ್ಕೂ ಮೂಲೆ ನೋಡಿ ಹೇಳಿದರು, "ನೋಡ ತಂಗೀ, ನಂದು ಒಂದ ಮಾತು. ಅಂಗಡಿ ತೆಗದಾಗ ನಾ ಇರಬೇಕು. ನಾ ಇಲ್ಲಂದ್ರ ಶಟರ್ ಕೆಳಗ. ಇದಕ್ಕ ಒಪ್ಪಿದ್ರ ನಾಳೆಯಿಂದ ಬರ್ತೀನಿ, ಇಲ್ಲಂದ್ರ ಖುದಾ ಹಾಫಿಜ್."

ಚಿಕ್ಕಮ್ಮನಿಗೆ ಬೇಕಾದದ್ದೂ ಅದೇ. ಆದರೆ ಆ ಮಾತನ್ನು ಅವರು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂಬುದು ಆಮೇಲೆ ತಿಳಿಯಿತು. ಕಪಾಟುಗಳಿನ್ನೂ ಖಾಲಿ. ಮಾರಲು ಒಂದು ಗುಳಿಗೆಯೂ ಇಲ್ಲ. ಆದರೂ ಅವರು ಚಾ ಕುಡಿಯಲು ಹೋಗುವಾಗ ಗರಗರ ಶಟರ್ ಎಳೆದು ಹೋಗುವರು. ಒಂದು ಸಲ ಚಿಕ್ಕಮ್ಮ ಒಳಗೆ ನೆಲ ಒರೆಸುತ್ತಿದ್ದಾಗಲೇ ಎಳೆದುಬಿಟ್ಟರು. ಕತ್ತಲಲ್ಲಿ ಅವಳು ಒಳಗಿನಿಂದ ಶಟರ್ ಬಡಿದು, "ಭಾಯಿ, ನಾನಿದ್ದೇನೆ!" ಅಂತ ಕೂಗಿದರೆ, ಹೊರಗಿನಿಂದ ಉತ್ತರ ಬಂತು: "ನೀ ಇದ್ರೇನಾತು ತಂಗೀ, ನಾ ಇಲ್ಲಲ್ಲ!"

ಸೆಕೆಂಡ್ ಹ್ಯಾಂಡ್ ಫ್ರಿಜ್ ಬಂತು, ಯಾಕೆಂದರೆ ಕೆಲವು ಔಷಧಿಗಳನ್ನು ತಂಪಿನಲ್ಲಿಡಬೇಕು ಅನ್ನುವುದೂ ಕಾನೂನಿನಲ್ಲಿತ್ತು. ಚಿಕ್ಕ ತಕ್ಕಡಿ, ಅಳತೆಯ ಗಾಜು, ಪಿಂಗಾಣಿ ಕುಟ್ಟಾಣಿ, ಕತ್ತರಿ ಬಂದವು. ಚಾಚಾನ ಸಹಿ ಹಾಕಿಸಿ ಅರ್ಜಿಯನ್ನೂ ಕೊಟ್ಟು ಬಂದೆ. ಸರ್ಟಿಫಿಕೇಟಿಗೆ ಗಾಜಿನ ಕಟ್ಟು ಹಾಕಿಸಲು ನಾನು ದಾದರಿಗೆ ಹೊರಟಾಗ ಚಿಕ್ಕಮ್ಮ ಚಾಚಾನನ್ನು ಒಂದು ಫೋಟೋ ಕೇಳಿದಳು. ನಮ್ಮ ಹೋಟೆಲುಗಳಲ್ಲಿ ಕ್ಯಾಷಿನ ಮೇಲೆ ಹೋಟೆಲ್ ಕಟ್ಟಿದ ಹಿರಿಯರ ಫೋಟೋ ಇರಲೇಬೇಕು. ಬರಿ ಅಕ್ಷರ ನೋಡಿ ಗಿರಾಕಿಗೆ ಏನು ಗೊತ್ತಾಗಬೇಕು, ಮುಖ ಕಾಣಲಿ ಎಂದು ಅವಳ ವಾದ. "ಫೋಟೋ ಯಾಕ, ನಾನ ಕುಂತಿರ್ತೀನಲ್ಲ" ಅಂತ ಗೊಣಗಿಯೇ ಚಾಚಾ ಮರುದಿನ ಒಂದನ್ನು ತಂದರು. ಇದ್ದದ್ದು ಅದೊಂದೇ. ಇಪ್ಪತ್ತೈದರ ಪ್ರಾಯ, ಕೋಟು, ಕಪ್ಪು ಮೀಸೆ, ಗಡ್ಡವಿಲ್ಲ. ಕೆಳಗೆ ಸರ್ಟಿಫಿಕೇಟು, ಮೇಲೆ ಫೋಟೋ, ಒಂದೇ ಕಟ್ಟು. ಅದನ್ನು ಹಳೆಯ ತಿಂಡಿಯ ದರಪಟ್ಟಿ ತೂಗುತ್ತಿದ್ದ ಮೊಳೆಗೆ ತೂಗಿದೆ. ಪಕ್ಕದ ಮೊಳೆಯಲ್ಲಿ ಚಿಕ್ಕಪ್ಪನ ಫೋಟೋ ಇತ್ತು.

ಅಷ್ಟರಲ್ಲಿ ದಸರಾ ಬಂತು. ಚಾಚಾನಿಗೆ ಎರಡು ದಿನ ರಜೆ. ಆಯುಧಪೂಜೆಯ ಬೆಳಿಗ್ಗೆ ಚಿಕ್ಕಮ್ಮ ಅಂಗಡಿಯ ನಡುವೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಸುಮ್ಮನೆ ನಿಂತಿದ್ದಳು. ಹೋಟೆಲಿದ್ದಾಗ ರುಬ್ಬುವ ಕಲ್ಲಿಗೆ, ದೋಸೆಕಾವಲಿಗೆ, ಸಟ್ಟುಗಗಳಿಗೆ ಪೂಜೆ. ಈಗ ಕಲ್ಲೂ ಇಲ್ಲ, ಕಾವಲಿಯೂ ಇಲ್ಲ.

"ಈಗ ನಮ್ಮ ಆಯುಧ ಯಾವುದು ಮಗಾ?"

ತಕ್ಕಡಿಗೆ ಕುಂಕುಮ ಇಟ್ಟಳು. ಕುಟ್ಟಾಣಿಗೆ, ಕತ್ತರಿಗೆ, ಫ್ರಿಜ್ಜಿಗೂ ಇಟ್ಟಳು. ಆಮೇಲೆ ತಲೆಯೆತ್ತಿ ಗೋಡೆ ನೋಡಿದಳು. "ಇದಿಲ್ಲದಿದ್ದರೆ ಅಂಗಡಿಯೇ ಇಲ್ಲವಲ್ಲ. ಇದೇ ನಮ್ಮ ದೊಡ್ಡ ಆಯುಧ. ಸ್ಟೂಲು ಹತ್ತು ನೋಡುವ."

ಹತ್ತಿದೆ. ಕುಂಕುಮದ ಬೊಟ್ಟನ್ನು ಗಾಜಿನ ಮೇಲೆ ಇಟ್ಟೆ. ಅದು ಸರಿಯಾಗಿ ಫೋಟೋದ ಹಣೆಯ ಮೇಲೆ ಕೂತಿತು. ಚೆಂಡುಹೂವಿನ ಹಾರ ಹಾಕಿದೆ. ಚಿಕ್ಕಪ್ಪನಿಗೂ ಅದೇ ಅಳತೆಯ ಹಾರ. ಕೆಳಗೆ ಊದುಬತ್ತಿ. ಇಳಿದು ನೋಡಿದೆ, ಬಹಳ ಚೆನ್ನಾಗಿ ಕಂಡಿತು. ನನ್ನ ಬುದ್ಧಿಗೆ ಏನಾಗಿತ್ತೋ! ಬಿ.ಎ. ಪಾಸಾದವನು ನಾನು. ನಾವು ಕರ್ನಾಟಕದವರು ಗೋಡೆಯ ಮೇಲಿನ ಮನುಷ್ಯನಿಗೆ ಹಾರ ಹಾಕಿದರೆ ಅದರ ಅರ್ಥವೇನೆಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೆ ನಾವಿಬ್ಬರೂ ಕಂಡದ್ದು ಆಯುಧವನ್ನು, ಮನುಷ್ಯನನ್ನಲ್ಲ.

ಇನ್ಸ್‌ಪೆಕ್ಟರ್ ಬಂದದ್ದು ವಿಜಯದಶಮಿಯ ಮರುದಿನ, ಶುಕ್ರವಾರ ಮಧ್ಯಾಹ್ನ. ಶುಕ್ರವಾರ ಚಾಚಾ ವಡಾಲದ ಮಸೀದಿಯಲ್ಲಿ ಮಧ್ಯಾಹ್ನದ ನಮಾಜು ಮುಗಿಸಿಯೇ ಅಂಗಡಿಗೆ ಬರುವುದು. ಹಾಗಾಗಿ ಹಾರವನ್ನು ಅವರಿನ್ನೂ ನೋಡಿರಲಿಲ್ಲ. ನಾನು ಒಂದು ದಿನ ಸೇರಿಸಿ ರಜೆ ಹಾಕಿದ್ದೆ. ಬೆಳಗಾಗುತ್ತಲೇ ಬಂದ ಬೈಕುಲ್ಲಾ ಭಾವ, ದಸರಾ ಮುಗಿದ ಮರುದಿನ ಅಂಗಡಿ ಮುಚ್ಚಿರುವುದು ಅಪಶಕುನ ಎಂದು ತಾವೇ ಶಟರ್ ಎತ್ತಿ ಕುರ್ಚಿ ಹಾಕಿ ಕುಳಿತಿದ್ದರು.

ಇನ್ಸ್‌ಪೆಕ್ಟರ್ ತೆಳ್ಳಗಿನ ಮರಾಠಿ ಮನುಷ್ಯ, ಚರ್ಮದ ಚೀಲ, ಮೆಲುಮಾತು. ಒಳಗೆ ಬಂದವರು ಮೊದಲು ಗೋಡೆ ನೋಡಿದರು. ಚಪ್ಪಲಿ ಕಳಚಿ ಎರಡೂ ಫೋಟೋಗಳಿಗೆ ಕೈ ಮುಗಿದರು. ಆಮೇಲೆ ಮೊದಲನೆಯದನ್ನು ತೋರಿಸಿ ಯಾರು ಎಂದು ಹಿಂದಿಯಲ್ಲಿ ಕೇಳಿದರು.

"ಇವರ ಯಜಮಾನರು" ಅಂದೆ.

"ಇವರು?"

"ಅವರೇ ನಮ್ಮ ಫಾರ್ಮಸಿಸ್ಟ್."

"ಅರೆರೆ!" ಎಂದು ಲೊಚಗುಟ್ಟಿ, ಚಿಕ್ಕಮ್ಮನ ಕಡೆ ಒಮ್ಮೆ ಮರುಕದಿಂದ ನೋಡಿ, ಫೈಲು ತೆಗೆದು ಒಂದು ಸಾಲು ಬರೆದರು. ನಮ್ಮಂಥ ಗುಮಾಸ್ತರಿಗೆ ತಲೆಕೆಳಗಿನ ಅಕ್ಷರ ಓದುವ ವಿದ್ಯೆ ಚೆನ್ನಾಗಿ ಗೊತ್ತು. ಫಾರ್ಮಸಿಸ್ಟ್ ತೀರಿಕೊಂಡಿರುವುದರಿಂದ ಅರ್ಜಿ ಪರಿಗಣಿಸಲಾಗದು ಎಂದಿತ್ತು.

ಆಗ ಹೊಳೆಯಿತು ನಮಗೆ. ಚಿಕ್ಕಮ್ಮ "ಅಯ್ಯೋ ದೇವರೇ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ನಾನು "ಸಾಹೇಬ್, ಅವರು ಬದುಕಿದ್ದಾರೆ! ಗಟ್ಟಿಯಾಗಿದ್ದಾರೆ! ನಮಾಜಿಗೆ ಹೋಗಿದ್ದಾರೆ!" ಎಂದು ಒಂದೇ ಉಸಿರಿನಲ್ಲಿ ಕೂಗಿದೆ.

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು. "ನೋಡಿ, ಯಾವ ಅಂಗಡಿಗೆ ಹೋದರೂ ಫಾರ್ಮಸಿಸ್ಟ್ ಚಾ ಕುಡಿಯಲು ಹೋದರು ಅನ್ನುತ್ತಾರೆ, ಊರಿಗೆ ಹೋದರು ಅನ್ನುತ್ತಾರೆ. ನಾನು ಎಲ್ಲ ಕೇಳಿದ್ದೇನೆ. ಹಾರ ಹಾಕಿಸಿಕೊಂಡವರು ನಮಾಜಿಗೆ ಹೋದರು ಅಂದವರು ನೀವೇ ಮೊದಲು."

ಆದರೂ ಒಳ್ಳೆಯ ಮನುಷ್ಯ. ಸ್ಟೇಷನ್ನಿನ ಹತ್ತಿರ ಇನ್ನೊಂದು ಕೆಲಸವಿದೆ, ಅರ್ಧ ಗಂಟೆಯಲ್ಲಿ ತಿರುಗಿ ಬರುತ್ತೇನೆ, ಅಷ್ಟರೊಳಗೆ ತೋರಿಸಿ, ಇಲ್ಲದಿದ್ದರೆ ಈ ಕಾಗದ ಹೋಗುತ್ತದೆ ಎಂದು ಹೊರಟರು. ಅವರು ಮೆಟ್ಟಿಲಿಳಿದದ್ದೇ ತಡ, ಭಾವ ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಊರಿಗೆ ಹೋಗುವ ಬಸ್ಸಿನ ಟಿಕೇಟು, ಮರುದಿನದ್ದು.

"ಇದೆಲ್ಲ ಆಗುವ ಹೋಗುವ ಮಾತಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಕಿಟಕಿ ಬದಿಯ ಸೀಟೇ ಮಾಡಿಸಿದ್ದೇನೆ" ಅಂದರು, ಉಪಕಾರದ ಸ್ವರದಲ್ಲಿ.

ಚಿಕ್ಕಮ್ಮ ಟಿಕೇಟನ್ನು ನೋಡಿದಳು, ಮುಟ್ಟಲಿಲ್ಲ. ನಾನು ಮಸೀದಿಗೆ ಓಡಿದೆ.

ನಮಾಜು ಆಗತಾನೆ ಮುಗಿದಿತ್ತು. ಚಾಚಾ ಬಾಗಿಲಲ್ಲಿ ನೂರಾರು ಜೊತೆಗಳ ನಡುವೆ ತಮ್ಮ ಚಪ್ಪಲಿ ಹುಡುಕುತ್ತಿದ್ದರು. "ಚಾಚಾ, ಬೇಗ ಬನ್ನಿ! ನೀವು ತೀರಿಕೊಂಡಿದ್ದೀರಿ ಅಂತ ಇನ್ಸ್‌ಪೆಕ್ಟರ್ ಬರೆದಿದ್ದಾರೆ!"

ಚಾಚಾ ಕನ್ನಡಕ ಸರಿಮಾಡಿಕೊಂಡರು. "ಯಾವಾಗ?"

"ಈಗ! ಹತ್ತು ನಿಮಿಷ ಆಯ್ತು!"

"ಹತ್ತು ನಿಮಿಷದ ಹಿಂದ ನಾ ಹಣಿ ನೆಲಕ್ಕ ಹಚ್ಚಿ ಸಜ್ದಾದಾಗ ಇದ್ದೆ ತಮ್ಮಾ." ಒಂದು ಕ್ಷಣ ಯೋಚಿಸಿದರು. "ಛಲೋ ಮೌತ್ ಬಿಡ ಅದು. ಅಂಥಾ ಸಾವು ಎಲ್ಲರಿಗೂ ಸಿಗೂದಿಲ್ಲ."

ಎಷ್ಟು ಗೋಗರೆದರೂ ಅವರು ಓಡಲಿಲ್ಲ. ಮೊಣಕಾಲು ನೋವು. ದಾರಿಯುದ್ದಕ್ಕೂ ನಾನು ಹಾರದ ಸಂಗತಿ ಬಿಡಿಸಿ ಹೇಳಿದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಇನ್ಸ್‌ಪೆಕ್ಟರ್ ಇರಲಿ, ಈಗ ಇವರೇ ಸಿಟ್ಟಾಗಿ ಕಟ್ಟು ಇಳಿಸಿಕೊಂಡು ಹೊರಟರೆ ಚಿಕ್ಕಮ್ಮನಿಗೆ ಆ ಕಿಟಕಿ ಬದಿಯ ಸೀಟೇ ಗತಿ.

ನಾವು ಮುಟ್ಟುವಾಗ ಇನ್ಸ್‌ಪೆಕ್ಟರ್ ತಿರುಗಿ ಬಂದು ಕುಳಿತಿದ್ದರು. ಚಾಚಾ ಬಾಗಿಲಲ್ಲಿ ನಿಂತು ಗೋಡೆ ನೋಡಿದರು. ಹಣೆಗೆ ಕುಂಕುಮ, ಕೊರಳಿಗೆ ಹಾರ, ಮುಂದೆ ಊದುಬತ್ತಿಯ ಬೂದಿ. ತಮ್ಮನ್ನು ತಾವೇ ತುಂಬ ಹೊತ್ತು ನೋಡಿದರು. ಆಮೇಲೆ ಒಳಗೆ ಬಂದು ತಮ್ಮ ಕುರ್ಚಿಯಲ್ಲಿ ಕುಳಿತು "ಹೇಳ್ರಿ ಸಾಹೇಬ್" ಅಂದರು.

ಇನ್ಸ್‌ಪೆಕ್ಟರ್ ಫೋಟೋ ನೋಡಿದರು, ಚಾಚಾನ ಮುಖ ನೋಡಿದರು. ಮೀಸೆಯ ಯುವಕನಿಗೂ ಈ ಬಿಳಿಗಡ್ಡಕ್ಕೂ ಯಾವ ಸಂಬಂಧವೂ ಕಾಣಲಿಲ್ಲ. "ದಾರಿಯಲ್ಲಿ ಸಿಕ್ಕಿದ ಯಾರೋ ಹಿರಿಯರನ್ನು ಕರೆತಂದಿಲ್ಲ ಅಂತ ಹೇಗೆ ನಂಬಲಿ?" ಅಂದರು. ನ್ಯಾಯವಾದ ಪ್ರಶ್ನೆಯೇ.

"ನನ್ನ ಮಾರಿ ನೋಡಬ್ಯಾಡ್ರಿ, ಕೈ ನೋಡ್ರಿ" ಅಂದರು ಚಾಚಾ. "ತಂಗೀ, ಒಂದ ವಾಟಗಾ ಸಕ್ಕರಿ ತಾ."

ಒಂದು ಬಟ್ಟಲು ಸಕ್ಕರೆ ಬಂತು. ಚಾಚಾ ಅದನ್ನು ಕುಟ್ಟಾಣಿಯಲ್ಲಿ ಹಾಕಿ ನುಣ್ಣಗೆ ಅರೆದರು. ಗಾಜಿನ ಹಲಗೆಯ ಮೇಲೆ ಸುರಿದು, ಒಂದು ಚಪ್ಪಟೆ ಅಲಗಿನಿಂದ ಉದ್ದಕ್ಕೆ ಪಟ್ಟಿಯಂತೆ ಎಳೆದರು. ಅರ್ಧಕ್ಕೆ ಕೊಯ್ದರು, ಅರ್ಧವನ್ನು ಅರ್ಧಕ್ಕೆ, ಆ ನಾಲ್ಕನ್ನೂ ಮೂರು ಮೂರಕ್ಕೆ. ಹನ್ನೆರಡು ಕಾಗದಗಳನ್ನು ಒಂದರ ಅಂಚಿನ ಮೇಲೊಂದು ಸಾಲಾಗಿ ಹರಡಿ, ಪುಡಿ ಇಟ್ಟು, ಮಡಚುತ್ತಾ ಹೋದರು. ತುದಿಯನ್ನು ತುದಿಯೊಳಗೆ ಸೇರಿಸುವುದು, ಬೆರಳಿನಿಂದ ಒಮ್ಮೆ ಸವರುವುದು, ಮುಂದಿನದು. ಕಣ್ಣು ಕಾಗದದ ಮೇಲೂ ಇರಲಿಲ್ಲ. ಚಟ್ನಿಪುಡಿಯ ಪೊಟ್ಟಣ ಕಟ್ಟಿಸಿ ಬೆಳೆದ ಭಾವ ಕುರ್ಚಿಯಿಂದ ಎದ್ದು ನಿಂತು ನೋಡತೊಡಗಿದರು. ಹನ್ನೆರಡೂ ಪೊಟ್ಟಣ ಒಂದರ ಪಕ್ಕ ಒಂದು ಕೂತವು. ಉದ್ದ ಅಗಲದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ.

ಇನ್ಸ್‌ಪೆಕ್ಟರ್ ಎರಡನ್ನು ಬಿಚ್ಚಿ ತಕ್ಕಡಿಯ ಆಚೆ ಈಚೆ ಸುರಿದರು. ಮುಳ್ಳು ಅಲುಗಾಡಿ ನಡುವೆ ನಿಂತಿತು. ಇನ್ನೆರಡು ತೂಗಿದರು. ಮತ್ತೆ ನಡುವೆಯೇ. "ನಾನು ಕಲಿಯುವಾಗ ನಮ್ಮ ಗುರುಗಳು ಹೀಗೆ ಕಟ್ಟುತ್ತಿದ್ದರು. ಈಗಿನವರಿಗೆ ಬರುವುದಿಲ್ಲ" ಎಂದರು. ಪುಡಿಯನ್ನು ಬೆರಳಲ್ಲಿ ಅದ್ದಿ ಚೀಪಿದರು ಕೂಡ. ಆಮೇಲೆ ಚಾಚಾನಿಂದ ಸಹಿ ಹಾಕಿಸಿ, ಅರ್ಜಿಯ ಸಹಿಯ ಜೊತೆ ಹೋಲಿಸಿ, ಬರೆದ ಸಾಲನ್ನು ಉದ್ದಕ್ಕೆ ಹೊಡೆದು ಹಾಕಿದರು.

ಏಳುವ ಮೊದಲು ಫ್ರಿಜ್ ತೆರೆದರು. ಒಳಗೆ ಮೊನ್ನೆ ಉಳಿದ ಎರಡು ಮೊಳ ಮಲ್ಲಿಗೆ, ಒಂದು ತಂಬಿಗೆ ಮಜ್ಜಿಗೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇನ್ಸ್‌ಪೆಕ್ಟರ್ ಮಜ್ಜಿಗೆಯನ್ನು ನೋಡಿದರು, ಚಿಕ್ಕಮ್ಮನನ್ನು ನೋಡಿದರು. "ಇದನ್ನು ಇವತ್ತೇ ಖಾಲಿ ಮಾಡಿ. ಹದಿನೈದು ದಿನದಲ್ಲಿ ಲೈಸೆನ್ಸ್ ಬರುತ್ತದೆ" ಅಂದರು. ಖಾಲಿ ಮಾಡಲು ಅವರೇ ಒಂದು ಲೋಟ ಕುಡಿದು ಉಪಕಾರ ಮಾಡಿ ಹೋದರು.

ಅವರು ಮರೆಯಾಗುತ್ತಲೇ ಚಿಕ್ಕಮ್ಮ ಚಾಚಾನ ಮುಂದೆ ಕೈ ಜೋಡಿಸಿ ನಿಂತಳು. ಕಣ್ಣಲ್ಲಿ ನೀರು ಧಾರಾಕಾರ. "ತಪ್ಪಾಯ್ತು ಭಾಯಿ. ಆಯುಧ ಅಂತ ಹಾಕಿದೆವು. ನಿಮ್ಮ ಆಯುಷ್ಯಕ್ಕೆ ಏನೂ ಆಗದಿರಲಿ."

"ಅದಿರ್ಲಿ" ಎಂದು ಚಾಚಾ ಗುಡುಗಿದರು. "ಮದ್ಲ ಇದನ್ನ ಹೇಳ್ರಿ. ನಾ ಇಲ್ಲದಾಗ ಶಟರ್ ಎತ್ತಿದವ್ರು ಯಾರು?"

ನಾವಿಬ್ಬರೂ ಭಾವನ ಕಡೆ ನೋಡಿದೆವು. ಭಾವ ಗೋಡೆಯ ಕಡೆ ನೋಡಿದರು. ಚಾಚಾ ಅವರಿಗೆ ಐದು ನಿಮಿಷ ಬುದ್ಧಿ ಹೇಳಿದರು, ಹತ್ತು ವರ್ಷದ ಗಿರಾಕಿಯೆಂಬ ದಾಕ್ಷಿಣ್ಯಕ್ಕೆ ಭಾವ ಬಾಯಿ ಮುಚ್ಚಿಕೊಂಡು ಕೇಳಿದರು. ಆಮೇಲೆ ಚಾಚಾ ನನ್ನಿಂದ ಹಾರ ಇಳಿಸಿಕೊಂಡು ಮೂಸಿ ನೋಡಿ, "ಹೂ ತಾಜಾ ಅದಾವ. ಆದ್ರ ಇನ್ನೊಮ್ಮೆ ಹಾಕಬ್ಯಾಡ್ರಿ, ನಮ್ಮಾಕಿ ನೋಡಿದ್ಲಂದ್ರ ಎದಿ ಒಡಕೋತಾಳ" ಅಂದರು. ಅಷ್ಟೇ.

ಭಾವ ಹೊರಡಲು ಎದ್ದರು. ಮೇಜಿನ ಮೇಲೆ ಟಿಕೇಟು ಹಾಗೇ ಇತ್ತು. ಚಿಕ್ಕಮ್ಮ ಅದನ್ನು ಈಗ ಕೈಗೆತ್ತಿಕೊಂಡಳು, ಒರೆಸಿ, ಅವರ ಮುಂದೆ ಹಿಡಿದಳು.

"ಇದು ಹಾಳಾಗುವುದು ಬೇಡ ಭಾವ. ನೀವೇ ಹೋಗಿ ಬನ್ನಿ. ಊರಲ್ಲಿ ನಿಮ್ಮ ಮನೆಯ ಅಕ್ಕನನ್ನು ನೋಡದೆ ನಿಮಗೆ ಮೂರು ವರ್ಷ ಆಯ್ತಲ್ಲ."

"ನಾನಾ?" ಭಾವ ಗಾಬರಿಬಿದ್ದರು. "ಅದು ಹೇಗೆ ಆಗುತ್ತದೆ ಮಾರಾಯ್ತಿ? ಇಲ್ಲಿ ನನ್ನ ಹೋಟೆಲ್ ಇಲ್ಲವಾ? ಇಷ್ಟು ವರ್ಷ ಕೈಯಾರೆ ಕಟ್ಟಿದ್ದನ್ನು ಬಿಟ್ಟು ಅಲ್ಲಿ ಹೋಗಿ ಕೂತು ನಾನು ಎಂತ ಮಾಡುವುದು?"

"ಹೌದಲ್ಲ ಭಾವ" ಅಂದಳು ಚಿಕ್ಕಮ್ಮ, ಮೆಲ್ಲಗೆ. "ನಾನೂ ಹೋಳಿಯಿಂದ ನಿಮಗೆ ಅದನ್ನೇ ಹೇಳುತ್ತಾ ಇದ್ದೇನೆ."

ಭಾವ ಟಿಕೇಟನ್ನು ತೆಗೆದುಕೊಂಡು ಎರಡು ಸಲ ಮಡಚಿದರು. ಆಮೇಲೆ ನನ್ನ ಕಡೆ ತಿರುಗಿ, ಟಿಕೇಟು ವಾಪಸು ಮಾಡುವುದಾದರೆ ಬಸ್ಸಿನ ಆಫೀಸು ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ಕೇಳಿದರು.